ಹಗ್ಗ ಸವೆದದ್ದು ಅವನಿಗೆ ಗೊತ್ತಿತ್ತು

ಮಾನ್ಯ ತನಿಖಾಧಿಕಾರಿಗಳೇ,

ನನ್ನ ತಮ್ಮನ ಸಾವಿಗೆ ಕಾರಣನಾದ ಗುತ್ತಿಗೆದಾರನ ಮೇಲೆ ನೀವು ಹೊರಿಸಿರುವ ಆರೋಪ ‘ನಿರ್ಲಕ್ಷ್ಯದಿಂದ ಸಂಭವಿಸಿದ ಸಾವು’. ಓದಿ ಹೇಸಿಗೆಯಾಯಿತು. ಸಂಭವಿಸಿತಂತೆ! ಯಾರಿಗೋ ನೆಗಡಿಯಾದ ಹಾಗೆ.

ಎತ್ತರದ ಕಟ್ಟಡಗಳ ಹೊರಗೋಡೆಗೆ ನನ್ನ ತಮ್ಮ ಹಗ್ಗದಲ್ಲಿ ಜೋತುಬಿದ್ದು ಬಣ್ಣ ಬಳಿಯುತ್ತಿದ್ದ. ಅವನ ಕೊನೆಯ ಕೆಲಸ ನಾನು ಬೆರಳಚ್ಚುಗಾರ್ತಿಯಾಗಿರುವ ಕಚೇರಿಯ ಕಟ್ಟಡದಲ್ಲೇ. ಅಂದು ಅವನಿಗೆ ಊಟದ ಡಬ್ಬಿ ಕೊಡಲು ತಾರಸಿಗೆ ಹೋಗಿದ್ದೆ. ಗುತ್ತಿಗೆದಾರನ ಬಾಮೈದನೂ ಬಣ್ಣದವನೇ; ಸೊಂಟಕ್ಕೆ ಬೆಲ್ಟು ಬಿಗಿದು ಇಳಿಯಲು ಸಿದ್ಧನಾಗಿದ್ದ. ಗುತ್ತಿಗೆದಾರ ಓಡಿಬಂದು ಅವನ ರಟ್ಟೆ ಹಿಡಿದ.

“ಲೋ, ಆ ಹಗ್ಗ ಬೇಡ ಕಣೋ, ಎಳೆ ಬಿಟ್ಕೊಂಡಿದೆ. ನಿನಗೇನಾದ್ರೂ ಆದ್ರೆ ನಿಮ್ಮಕ್ಕ ನನ್ನನ್ನ ಮನೆಗೆ ಸೇರಿಸ್ತಾಳಾ?”

ಆಮೇಲೆ ನನ್ನ ತಮ್ಮನ ಕಡೆ ತಿರುಗಿ, “ನೀನು ಇಳಿ” ಎಂದ.

“ಅಣ್ಣಾ, ಹೊಸ ಹಗ್ಗ ಬರಲಿ.”

“ಇವತ್ತೇ ಮುಗೀಬೇಕು. ಇಳೀತೀಯೋ, ಬೇರೆಯವರನ್ನ ಕರೀಲೋ?”

“ಬೇಡ ಕಣೋ, ಬಾ” ಎಂದೆ ನಾನು. “ಸುಮ್ನಿರಕ್ಕ, ಒಂದು ಗೋಡೆ ತಾನೇ. ಬಂದು ಊಟ ಮಾಡ್ತೀನಿ” ಎಂದು ಇಳಿದ. ಹಗ್ಗ ಹರಿದ ಸದ್ದು ಕೇಳಿಸಲೇ ಇಲ್ಲ. ಕೇಳಿಸಿದ್ದು ಕೆಳಗೆ ನಿಂತವರ ಕೂಗು.

ಇದೆಲ್ಲವನ್ನೂ ಠಾಣೆಯಲ್ಲಿ ಹೇಳಿದೆ. ನೀವು ಕುರ್ಚಿಗೆ ಒರಗಿಕೊಂಡು, “ನೋಡಮ್ಮ, ನಿನ್ ತಮ್ಮನ್ನ ಸಾಯಿಸಬೇಕು ಅಂತ ಅವನಿಗೇನು ದ್ವೇಷ ಇತ್ತಾ? ಮತ್ತೆ ಕೊಲೆ ಹೆಂಗಾಗುತ್ತೆ?” ಎಂದಿರಿ. ಕೊಲೆ ಎಂದು ನಾನೆಲ್ಲಿ ಹೇಳಿದೆ ಸ್ವಾಮಿ? ಕೊಲ್ಲುವ ಉದ್ದೇಶವಿದ್ದರೆ ಕೊಲೆ. ಎಚ್ಚರ ತಪ್ಪಿದರೆ ನಿರ್ಲಕ್ಷ್ಯ. ಇವೆರಡರ ನಡುವೆ ಕಾನೂನು ಇನ್ನೊಂದನ್ನೂ ಇಟ್ಟಿದೆ: ಸಾವು ಬರಬಹುದೆಂದು ಚೆನ್ನಾಗಿ ತಿಳಿದೂ ಮಾಡುವ ಕೃತ್ಯ, ಕೊಲೆಯಲ್ಲದ ದಂಡನೀಯ ನರಹತ್ಯೆ. ನಿಮ್ಮ ಪುಸ್ತಕದಲ್ಲಿ ಆ ಪುಟ ಮಾತ್ರ ಅಂಟಿಕೊಂಡಿದೆಯೇ? ಬಾಮೈದನ ಜೀವ ಹೋದೀತೆಂದು ಹೆದರಿದವನಿಗೆ ಅದೇ ಹಗ್ಗದಲ್ಲಿ ನನ್ನ ತಮ್ಮನ ಜೀವ ಹೋದೀತೆಂದು ತಿಳಿದಿರಲಿಲ್ಲವೇ? ಹಗ್ಗವೇನು ನೆಂಟಸ್ತಿಕೆ ನೋಡಿ ಹರಿಯುತ್ತದೆಯೇ?

ಗುತ್ತಿಗೆದಾರ ಈಗ ಜಾಮೀನಿನ ಮೇಲೆ ಹೊರಗಿದ್ದಾನೆ. ಎದುರು ಬೀದಿಯ ಕಟ್ಟಡಕ್ಕೆ ಬಣ್ಣ ಹೊಡೆಸುತ್ತಿದ್ದಾನೆ. ಅವನ ಬಾಮೈದ ಮೊನ್ನೆ ನಮ್ಮ ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ಅತ್ತ. “ಅಕ್ಕಾ, ಕೇಳಿದ್ರೆ ನಿಜಾನೇ ಹೇಳ್ತೀನಿ. ಇಷ್ಟು ದಿನ ಆಯ್ತು, ಯಾರೂ ಕೇಳೇ ಇಲ್ಲ.”

ಅವನನ್ನು ಕರೆಸಿ ಕೇಳಿ. ಅವನ ಹೇಳಿಕೆ ದಾಖಲಿಸಿ, ಆರೋಪವನ್ನು ತಿದ್ದಿ. ಆಗದೆಂದರೆ ನಮ್ಮ ಮನೆಗೆ ಬನ್ನಿ. ‘ಸಂಭವಿಸಿತು’ ಎಂಬ ಮಾತನ್ನು ನನ್ನ ಅಮ್ಮನ ಮುಖ ನೋಡಿ ಒಮ್ಮೆ ಹೇಳಿ.

ಇಂತಿ,
ನಿಮ್ಮ ಕಡತದಲ್ಲಿ ‘ಮೃತನ ಸಂಬಂಧಿ’ಯಾಗಿ ಮಾತ್ರ ಉಳಿದಿರುವ ಅಕ್ಕ