ಮೂಲೆ ಮುಚ್ಚದ ಕೌದಿ

ಘೋಣಸಗಿ
ತಾ. ೧೪-೫-೧೯೪೬, ಮಂಗಳವಾರ

ನನ್ನ ಮಗಳು ರೇಣುಕವ್ವಗೆ ನಿಮ್ಮವ್ವ ಮುರಿಗೆವ್ವನ ಆಶೀರ್ವಾದ.

ಎಡಗೈಯಿಂದ ನೀನು ಬರೆದ ನಾಲ್ಕು ಸಾಲು ಮುಟ್ಟಿದವು. ಓದುವ ಮೊದಲು ಅಕ್ಷರಗಳ ಮೇಲೆ ಬೆರಳು ಆಡಿಸಿದೆ. ಈಗ ಎರಡು ಹೊತ್ತು ಉಣ್ಣುತ್ತೀ, ರವಿವಾರ ದವಾಖಾನೆಯಿಂದ ಬಿಡುತ್ತಾರೆ, ಶಂಕ್ರೆಪ್ಪ ಮಾವನ ಜೊತೆ ಬರುವಾಗ ಟಿಕೋಟಾದಲ್ಲಿ ಮೋಟಾರಿನಿಂದ ಇಳಿದು ಸಬೀರಾನ ಹತ್ತಿರ ಕೌದಿ ಹೊಲಿಯುವುದನ್ನು ಕಲಿಯುತ್ತೀ ಎಂದು ಬರೆದಿದ್ದೀ. ನಿಮ್ಮಪ್ಪನಿಗೆ ಓದಿ ಹೇಳಿದೆ. ಅಂಗಳಕ್ಕೆ ಎದ್ದು ಹೋದರು. ರವಿವಾರದ ಒಳಗೆ ಈ ಪತ್ರ ನಿನ್ನ ಕೈ ಸೇರಬೇಕು. ಟಪಾಲು ತಡವಾದರೆ? ಬೇರೆಯವರ ಹಾಸಿಗೆಗೆ ಕೊಟ್ಟುಬಿಟ್ಟರೆ? ಹೆಸರನ್ನು ಎರಡು ಕಡೆ ದಪ್ಪಗೆ ಬರೆದಿದ್ದೇನೆ.

ಸಬೀರಾ ಇಲ್ಲ, ನನ್ನವ್ವಾ. ಯುಗಾದಿಯಾದ ಎಂಟು ದಿನಕ್ಕೆ ವಾಂತಿಭೇದಿಯಾಗಿ ಹೋದಳು.

ಹತ್ತಿ ಗಿರಣಿಯ ಉರುಳೆ ನಿನ್ನ ಬಲಗೈ ಒಯ್ದ ಮೇಲೆ ನಾನು ಎರಡು ಸಲ ವಿಜಾಪುರದ ದವಾಖಾನೆಗೆ ಬಂದೆ. ಎರಡು ಸಲವೂ ನೀನು ಗೋಡೆಯ ಕಡೆ ಹೊರಳಿದೆ. ತಂದ ಬುತ್ತಿ ಹಂಗೇ ವಾಪಸ್ಸು ಒಯ್ದೆ. ಅದಕ್ಕೇ ಪತ್ರ ಹಿಡಿದೆ. ಸಂತೆಯಲ್ಲಿ ಕಂಡ ಸಬೀರಾನ ಸಂಗತಿ ಬರೆದೆ. ಪುರಾಣದ್ದಲ್ಲ, ಕಣ್ಣಾರೆ ಕಂಡದ್ದು. ನೀನು ಆ ಪತ್ರ ದಿಂಬಿನ ಕೆಳಗೆ ಇಟ್ಟುಕೊಂಡೆ ಎಂದು ಮಾವ ಹೇಳಿದ. ಆಮೇಲೆ ಅವಳು ಸತ್ತಳೆಂದು ಹೇಗೆ ಬರೆಯಲಿ? ಐದು ಪತ್ರದಲ್ಲಿ ಕಡೆಯ ಮೂರು ನಾನು ಕಟ್ಟಿದ ಸುಳ್ಳು.

ಮೊದಲಿನ ಎರಡು ಖರೇ. ಹಾವು ಕಡಿದು ಅವಳ ಬಲಗೈ ಹೋದದ್ದು ಖರೇ. ಸೂಜಿಯನ್ನು ಮೊಣಕಾಲ ಮೇಲಿನ ಸೀರೆಗೆ ನೆಟ್ಟಗೆ ಚುಚ್ಚಿ ನಿಲ್ಲಿಸಿ ದಾರ ಪೋಣಿಸುತ್ತಿದ್ದುದು, ಕಾಲಿನ ಹೆಬ್ಬೆರಳಿನಡಿ ಅರಿವೆ ಬಿಗಿಹಿಡಿದು ಸರಸರ ಹೊಲಿಯುತ್ತಿದ್ದುದು ಖರೇ. ಎರಡು ಕೈ ಇದ್ದಾಗ ಗಂಡ ಎರಡು ಕೊಡ ನೀರ ತಾ ಅಂತಿದ್ದ, ಈಗ ಒಂದ ಕೊಡ ಅಂತಾನ, ಫಾಯದಾನ ಆತ ನೋಡಕ್ಕಾ ಎಂದು ನಕ್ಕದ್ದೂ ಖರೇ.

ಆದರೆ ದವಾಖಾನೆಯಲ್ಲಿರುವ ನಿನಗೆ ಪತ್ರ ಬರೆಯುತ್ತೇನೆಂದಾಗ ಅವಳು ಹೇಳಿದ್ದೊಂದನ್ನು ನಾನು ಮುಚ್ಚಿಟ್ಟೆ. ಬರೇ ಚಲೋದಷ್ಟ ಬರೀಬ್ಯಾಡ್ರಿ ಅಕ್ಕಾ, ಎಂದಳು. ಒಂದ ವರ್ಷ ನಾ ಅತ್ತೀನಿ. ಇವತ್ತಿಗೂ ನನ್ನ ಜಡಿ ನನಗ ಹೆಣಕೊಳ್ಳಾಕ ಬರೂದಿಲ್ಲ. ಮಗಳು ಅಬೇದಾ ಹೆಣೀತಾಳ, ಅಕಿ ಸಿಟ್ಟಾದ ದಿನ ಕೂದಲ ಬಿಚ್ಚಿಕೊಂಡ ಕೂಡ್ತೀನಿ. ಅದನ್ನೂ ಬರೀರಿ, ಎಂದಳು. ನಾನು ಬರೆಯಲಿಲ್ಲ. ಅಳುವ ಸುದ್ದಿ ಕೇಳಿದರೆ ನೀನು ಮತ್ತೆ ಗೋಡೆಗೆ ಹೊರಳುತ್ತೀ ಎಂದು ಅಂಜಿದೆ.

ನಿನ್ನೆ ಟಿಕೋಟಾಕ್ಕೆ ಹೋಗಿದ್ದೆ. ಅಬೇದಾ ನಿನ್ನ ವಾರಿಗೆಯವಳೇ. ಒಂದು ಕೌದಿ ತಂದು ನನ್ನ ಮುಂದೆ ಹಾಸಿದಳು. ಮೂರು ಮೂಲೆ ಮುಚ್ಚಿವೆ, ಒಂದು ತೆರೆದಿದೆ. ನಮ್ಮ ಕಡೆ ಕಡೆಯ ಮೂಲೆಯಲ್ಲಿ ರೊಟ್ಟಿಯ ಚೂರು, ಬೆಲ್ಲ ಇಟ್ಟು ಮುಚ್ಚುತ್ತೇವಲ್ಲ, ಕೌದಿಯ ಹೊಟ್ಟೆ ಬರಿದಿರಬಾರದೆಂದು. ಅದೊಂದು ಉಳಿದಿದೆ. ಇದನ್ನ ನೀ ಮುಚ್ಚಬ್ಯಾಡ, ದವಾಖಾನ್ಯಾಗಿನ ಹುಡುಗಿ ಬಂದ ಮುಚ್ಚತಾಳ ಅಂತ ಅಮ್ಮಾ ಹೇಳ್ಯಾಳ್ರಿ, ಎಂದಳು ಅಬೇದಾ. ಹೊಲಿಯೂದ ನಾ ತೋರಸ್ತೀನಿ, ಅಮ್ಮನಂಗ ಮಾತಾಡಾಕ ಮಾತ್ರ ನನಗ ಬರೂದಿಲ್ಲ, ಎಂದಳು. ನಾನು ಏಳುವಾಗ ತಲೆ ಎತ್ತದೆ, ಮುಂಜಾನಿ ಆದರ ಕೈ ಬಾಚಣಿಕಿ ಹುಡುಕ್ತಾವ್ರಿ, ಎಂದಳು.

ರವಿವಾರ ಟಿಕೋಟಾದಲ್ಲಿ ಮೋಟಾರು ನಿಲ್ಲುವ ಕಡೆ ನಾನು ನಿಂತಿರುತ್ತೇನೆ, ರೊಟ್ಟಿ ಬೆಲ್ಲ ಗಂಟು ಕಟ್ಟಿಕೊಂಡು. ಇಳಿಯುವುದು ಬಿಡುವುದು ನಿನ್ನ ಇಚ್ಛೆ. ನೀನು ಮುಖ ಆಚೆ ತಿರುಗಿಸಿ ಕೂತರೂ ಅದೇ ಮೋಟಾರು ಹತ್ತಿ ನಿನ್ನ ಹಿಂದಿನ ಬಾಕಿನ ಮೇಲೆ ಕೂತು ಬರುತ್ತೇನೆ. ಊಟ ಮಾತ್ರ ಬಿಡಬೇಡ.

ಸುಳ್ಳು ಬರೆದ ನಿನ್ನ ಅವ್ವ,
ಮುರಿಗೆವ್ವ

ತಾ.ಕ.: ಗಿರಣಿಯಲ್ಲಿ ಕೂತಲ್ಲೇ ಕಣ್ಣು ಹತ್ತಿತ್ತು, ತಪ್ಪು ನನ್ನದೇ ಎಂದು ನೀನು ಡಾಕ್ಟರಿಗೂ ಅಪ್ಪನಿಗೂ ಹೇಳಿದೆ. ನಿದ್ದೆಯಲ್ಲ ಎಂಬುದು ನಿನಗೂ ಗೊತ್ತು, ನನಗೂ ಗೊತ್ತು. ಕೈಗೆ ಬಳೆ ದಾರ ಏನೂ ಇರಬಾರದೆಂದು ಗಿರಣಿಯ ಕೆಲಸ ನೋಡಿಕೊಳ್ಳುವ ಮುಕದ್ದಮ ಹೇಳಿದ್ದ. ಉರುಳೆಗೆ ಅಂಜಿ ನಾನೇ ನಿನ್ನ ಬಲಗೈಗೆ ರಕ್ಷೆಯ ದಾರ ಕಟ್ಟಿ, ಬಿಚ್ಚಿದರೆ ನನ್ನಾಣೆ ಎಂದೆ. ಹರಿಯಬಾರದೆಂದು ಐದೆಳೆ ಹೊಸೆದಿದ್ದೆ. ಉರುಳೆ ಎಳೆದಾಗ ಅದು ಹರಿಯಲಿಲ್ಲ. ಕೌದಿಯ ಮೂಲೆಗೆ ದಾರ ತೆಗೆದಿಟ್ಟಿದ್ದೇನೆ. ಒಂದೇ ಎಳೆಯದು, ಜಗ್ಗಿದರೆ ಹರಿಯುತ್ತದೆ.