ದಡದ ದಿನ, ಕಡಲ ದಿನ

ಹಡಗಿನ ಮೇಲಟ್ಟದಿಂದ,
ಕುರಸಾವ್ ದ್ವೀಪ ಬಿಟ್ಟ ಮಾರನೆಯ ದಿನ, ಸುತ್ತ ಬರೀ ನೀರು
ಬುಧವಾರ, ಫೆಬ್ರವರಿ ೧೧

ಪ್ರೀತಿಯ ಫಿಲೋಮೆನ್ ಅಕ್ಕಾ,

ಮೊದಲು ನಿನ್ನ ಮೊಣಕಾಲಿನ ಸುದ್ದಿ ಹೇಳು. ಊತ ಇಳಿಯಿತೇ? ಮಲಗುವ ಮುಂಚೆ ಜಾಯಿಕಾಯಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಕೇಳುವವಳು ಊರಲ್ಲಿಲ್ಲವೆಂದು ಶೀಸೆಯನ್ನು ಮೂಲೆಗೆ ಸರಿಸಿದೆಯೋ? ಬಿ.ಪಿ. ಮಾತ್ರೆಯನ್ನು ತಿಂಡಿ ತಿಂದ ಮೇಲೆ ನುಂಗು, ಬರೀ ಕೋಕೋ ಚಹಾ ಕುಡಿದು ನುಂಗಬೇಡ. ನಿನ್ನೆ ಅಲ್ಲಿಗೂ ದೊಡ್ಡ ಹಡಗು ಬಂದಿತ್ತಲ್ಲ, ನಮ್ಮ ಅಂಗಡಿಯ ಅಗಲ ಅಂಚಿನ ಟೋಪಿಗಳು ಮಾರಿಹೋದವೇ? ಮಧ್ಯಾಹ್ನದ ಬಿಸಿಲು ಅಂಗಡಿಯ ಎಡಗಡೆಯಿಂದ ಹೊಡೆಯುತ್ತದೆ, ಟಾರ್ಪಾಲು ಇಳಿಸಿಕೋ. ನಾನು ಚೆನ್ನಾಗಿದ್ದೇನೆ. ಚೆನ್ನಾಗಿ ಅಂದರೆ, ಲಂಗದ ಗುಂಡಿ ಹಾಕಲು ಉಸಿರು ಬಿಗಿ ಹಿಡಿಯಬೇಕಾಗುವಷ್ಟು. ಇಲ್ಲಿ ಫೋನಿಗೆ ಸಿಗ್ನಲ್ ಬೇಕೆಂದರೂ ಹಣ ಕೇಳುತ್ತಾರೆ. ನಾಳೆ ಗ್ರೆನಡಾ ಮುಟ್ಟಿದ ಕೂಡಲೇ ಈ ಹಾಳೆಗಳ ಫೋಟೋ ತೆಗೆದು ಪಕ್ಕದ ಮನೆ ನಾದೇಜಳ ಫೋನಿಗೆ ಕಳಿಸುತ್ತೇನೆ, ಅವಳು ಓದಿ ಹೇಳಲಿ. ನಾದೇಜ್, ಮಗಳೇ, ಮಧ್ಯೆ ಮಧ್ಯೆ ನಗದೆ ಓದು.

ಮಾರ್ಕೆಟ್ಟಿನ ಸಂಘದ ಕ್ರಿಸ್‌ಮಸ್ ಲಾಟರಿ ಚೀಟಿಯಲ್ಲಿ ನಮ್ಮ ಹೆಸರಿಗೆ ಈ ಹಡಗಿನ ಪ್ರವಾಸ ಬಂದ ದಿನ ನೀನು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟೆ: "ನೀರ ಮೇಲೆ ನಾನು ಕಾಲಿಡಲ್ಲ. ಸೀಸನ್ನಿನಲ್ಲಿ ಇಬ್ಬರೂ ಅಂಗಡಿ ಬಿಟ್ರೆ ಆ ಜಾಗ ಪಕ್ಕದವಳದ್ದಾಗತ್ತೆ. ನೀನೊಬ್ಬಳೇ ಹೋಗ್ಬಾ." ಹಾಗೆ ಬಂದವಳು ನಾನು. ಎಷ್ಟು ವರ್ಷ ಆ ಹಡಗುಗಳನ್ನು ನೋಡಿಕೊಂಡು ಕೂತಿದ್ದೇವೆ! ಬೆಳಿಗ್ಗೆ ಬಂದು ಜನರನ್ನು ಸುರಿದು, ಸಂಜೆ ಬಾಚಿಕೊಂಡು ಹೋಗುವ ಬಿಳಿ ಗೋಡೆ. ಅದು ನಮ್ಮ ಕ್ಯಾಸ್ಟ್ರೀಸ್ ಬಿಟ್ಟ ಮೇಲೆ ಏನು ಮಾಡುತ್ತದೆ ಎಂದು ನಾನು ಯೋಚಿಸಿದವಳೇ ಅಲ್ಲ. ಬಾರ್ಬಡೋಸಿನಲ್ಲಿ ಹತ್ತಿದ ಮರುದಿನ ಎದ್ದು ಪರದೆ ಸರಿಸಿದರೆ ಊರೂ ಇಲ್ಲ, ಗುಡ್ಡವೂ ಇಲ್ಲ. ಕೋಣೆ ಗುಡಿಸಲು ಬಂದ ಹುಡುಗಿಯನ್ನು ಕೇಳಿದೆ. "ಇವತ್ತು ಕಡಲ ದಿನ ಅಮ್ಮಾ, ಎಲ್ಲೂ ಇಳಿಯೋದಿಲ್ಲ" ಅಂದಳು. ನನಗೆ ಯಾರೋ ಮೋಸ ಮಾಡಿದ ಹಾಗಾಯಿತು.

ಊಟದ ಮೇಜಿನಲ್ಲಿ ನನ್ನ ಜೊತೆ ಟ್ರಿನಿಡಾಡಿನ ಗಂಡ ಹೆಂಡತಿ ಕೂರುತ್ತಾರೆ. ಮೊದಲ ದಿನದಿಂದ ಅವರಿಬ್ಬರದು ಒಂದೇ ಜಗಳ. "ದಿನಕ್ಕೊಂದು ಊರು ತೋರಿಸೋ ಹಡಗಿತ್ತು, ಅದನ್ನ ಬಿಟ್ಟು ಇದನ್ನ ಹಿಡಿದ್ಳು. ನೀರು ನೋಡೋಕೆ ಯಾರಾದ್ರೂ ದುಡ್ಡು ಕೊಡ್ತಾರಾ?" ಎಂದು ಗಂಡ. "ಆ ಹಡಗಿನಲ್ಲಿ ನಿಮ್ಮ ಹಿಂದೆ ಬಿಸಿಲಲ್ಲಿ ಓಡಿ ಓಡಿ ನನ್ನ ಕಾಲು ಬಿದ್ದುಹೋಗ್ತಿತ್ತು. ನನಗೆ ಸುಮ್ನೆ ಕೂರೋ ದಿನಾನೂ ಬೇಕು ಕಣ್ರೀ" ಎಂದು ಹೆಂಡತಿ. ನಾನು ಬಾಯಿಬಿಡದಿದ್ದರೂ ಮನಸ್ಸಿನಲ್ಲಿ ಗಂಡನ ಕಡೆಗೇ ಇದ್ದೆ. ಸುಮ್ಮನೆ ಕೂರುವುದು ನಮ್ಮಿಬ್ಬರಿಗೂ ಯಾರು ಕಲಿಸಿದ್ದಾರೆ? ಮೇಲಟ್ಟಕ್ಕೆ ಹೋಗಿ ಒಂದು ಕುರ್ಚಿಯಲ್ಲಿ ಕೂತೆ, ಎದ್ದೆ, ಇನ್ನೊಂದರಲ್ಲಿ ಕೂತೆ. ಯಾರೋ ಬಿಟ್ಟುಹೋಗಿದ್ದ ಟವೆಲುಗಳನ್ನು ಮಡಿಸಿ ಜೋಡಿಸಿದೆ. ಕೆಲಸದವನು ಬಂದು ಬಹಳ ವಿನಯದಿಂದ ಅವನ್ನು ನನ್ನ ಕೈಯಿಂದ ತೆಗೆದುಕೊಂಡು ಹೋದ. ಆಗ ಪಕ್ಕದಿಂದ ಒಂದು ದನಿ ಬಂತು: "ಮೂರು ಕುರ್ಚಿ ಬದಲಾಯಿಸಿದ್ರಿ, ಅಮ್ಮಾ. ಯಾವುದರಲ್ಲಿ ಕೂತ್ರೂ ಕಡಲು ಅದೇ."

ಅವರ ಹೆಸರು ಡಾರ್ನ್ಲಿ ಬಾಯ್ಸ್. ಬಾರ್ಬಡೋಸಿನ ಸ್ಪೈಟ್ಸ್‌ಟೌನಿನವರು, ಬಸ್ ಓಡಿಸಿ ನಿವೃತ್ತರಾದವರು. ಹೆಂಡತಿ ತೀರಿಕೊಂಡು ಆರು ವರ್ಷವಾಯಿತಂತೆ. ಅವರು ಕಡಲಿನ ಕಡೆ ಮುಖ ಮಾಡಿ ಕೂತಿದ್ದರು, ನನ್ನ ಕಡೆ ತಿರುಗಲಿಲ್ಲ. ಇದೆಂಥ ದೊಡ್ಡಸ್ತಿಕೆ ಅಂದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು, ನಿವೃತ್ತಿಯ ನಂತರ ಅವರ ಕಣ್ಣು ಹೋಗಿದೆ. ಬೆಳಕು ನೆರಳು ಅಷ್ಟೇ ತಿಳಿಯುತ್ತದೆ. ಮತ್ತೆ ನನ್ನ ಕುರ್ಚಿಗಳ ಲೆಕ್ಕ ಹೇಗೆ ಸಿಕ್ಕಿತು ಎಂದರೆ, "ನಿಮ್ಮ ಚಪ್ಪಲಿ ಮಾತಾಡತ್ತೆ" ಅಂದರು. ಅವರ ಚರ್ಚಿನ ಗುಂಪಿನ ಜೊತೆ ಬಂದಿದ್ದಾರೆ. ಗುಂಪಿನವರು ಪ್ರತಿ ಬಂದರಿನಲ್ಲೂ ಇಳಿದು ಓಡುತ್ತಾರೆ, ಇವರು ಮಾತ್ರ ಇಳಿಯುವುದಿಲ್ಲ. ಕಡಲ ದಿನ ಹೆಚ್ಚಿರುವ ಹಡಗು ಕೇಳಿದ್ದರಂತೆ, ಸಿಕ್ಕಿದ್ದು ಎರಡೇ. ಯಾಕೆ ಹಾಗೆ ಎಂದು ಕೇಳಿದೆ. "ಬಂದರಿನಲ್ಲಿ ಎಲ್ಲರೂ ಅದು ನೋಡಿ, ಇದು ನೋಡಿ ಅಂತಾರೆ. ನನಗೆ ಸಿಗೋದು ಅವರ ಮೊಣಕೈ ಮಾತ್ರ. ಇಲ್ಲಿ ನೋಡೋಕೆ ಯಾರಿಗೂ ಏನೂ ಇಲ್ಲ. ಎಲ್ಲರೂ ನನ್ನ ಸಮಾನ" ಎಂದು ಹೇಳಿ ನಕ್ಕರು. ಅಕ್ಕಾ, ಆ ಮಧ್ಯಾಹ್ನ ಹೇಗೆ ಕಳೆಯಿತೋ ತಿಳಿಯಲಿಲ್ಲ. ಅವರು ತಮ್ಮ ಬಸ್ಸಿನ ಜನರ ಕಥೆ ಹೇಳಿದರು: ನಿಲ್ದಾಣ ಬಂದ ಮೇಲೆ ಚೀಲದ ತಳದಲ್ಲಿ ಚಿಲ್ಲರೆ ಹುಡುಕುವವಳು, ಕೋಳಿಗೂ ಒಂದು ಸೀಟು ಕೇಳಿದವನು. ನಾನು ನಮ್ಮ ಮಾರ್ಕೆಟ್ಟಿನ ಕಥೆ ಹೇಳಿದೆ. ನೀನು ಆ ಜರ್ಮನಿಯವನಿಗೆ ಹೆಂಗಸರ ಟೋಪಿ ಕಟ್ಟಿ, ಅವನು ಅದನ್ನೇ ಹಾಕಿಕೊಂಡು ಮೆರೆದದ್ದು ಹೇಳಿದಾಗ ಅವರು ಕಣ್ಣೊರೆಸಿಕೊಂಡು ನಕ್ಕರು.

ಸೋಮವಾರ ಬೊನೇರ್‌ನಲ್ಲಿ ನಾನು ಎಲ್ಲರಿಗಿಂತ ಮುಂಚೆ ಇಳಿದೆ. ಉಪ್ಪಿನ ಗುಡ್ಡ ನೋಡಿದೆ, ಕೆಂಪು ಕೊಕ್ಕರೆ ನೋಡಿದೆ, ಕಾಲು ಸೋಲುವ ತನಕ ಓಡಾಡಿದೆ. ಆದರೆ ನೋಡಿದ್ದನ್ನೆಲ್ಲ ಮೇಲೆ ಹೋಗಿ ಅವರಿಗೆ ಹೇಗೆ ಹೇಳುವುದು ಎಂದೇ ಮನಸ್ಸು ಲೆಕ್ಕ ಹಾಕುತ್ತಿತ್ತು. ಆ ರಾತ್ರಿ ಅವರ ಜೊತೆ ಊಟಕ್ಕೆ ಕೂತಾಗ ಹೇಳಿಬಿಟ್ಟೆ: "ನಾಳೆ ಕುರಸಾವ್‌ನಲ್ಲಿ ನೀವು ಇಳೀತೀರಿ. ಒಂದು ಸಲವೂ ನೋಡಿ ಅನ್ನಲ್ಲ, ಮಾತು ಕೊಡ್ತೀನಿ." ಅವರು ಚಮಚ ಕೆಳಗಿಟ್ಟರು. ಆಮೇಲೆ, "ಶೂ ಪಾಲಿಶ್ ಮಾಡಿಸ್ಬೇಕು" ಅಂದರು.

ಅಲ್ಲಿ ಹಡಗು ನಿಲ್ಲುವುದು ಒಂದು ದಡ, ಮಾರ್ಕೆಟ್ಟು ಇನ್ನೊಂದು ದಡ. ನಡುವೆ ದೋಣಿಗಳ ಮೇಲೆ ಕಟ್ಟಿದ ಸೇತುವೆ. ನಡೆದರೆ ಕಾಲಡಿಯಲ್ಲಿ ಮೆಲ್ಲಗೆ ಅಲ್ಲಾಡುತ್ತದೆ. ಡಾರ್ನ್ಲಿಯವರಿಗೆ ಅದೇ ಖುಷಿ, ಮಧ್ಯದಲ್ಲಿ ನಿಂತು ಹಿಮ್ಮಡಿಯಿಂದ ತಟ್ಟಿ ನೋಡಿದರು. ನಾನು ಅವರ ತೋಳು ಹಿಡಿದುಕೊಂಡು ವಾಸನೆ, ಬೆಲೆ, ಬೈಗುಳ ಎಲ್ಲವನ್ನೂ ಕಿವಿಗೆ ಹಾಕುತ್ತ ಹೋದೆ. ಎಲ್ಲಾ ಚೆನ್ನಾಗಿಯೇ ಇತ್ತು, ಒಂದು ಟೋಪಿ ಅಂಗಡಿ ಕಣ್ಣಿಗೆ ಬೀಳುವ ತನಕ. ನಿನಗೆ ನನ್ನ ರೋಗ ಗೊತ್ತಲ್ಲ. ಅಂಚಿನ ಹೆಣಿಗೆ ಎರಡೆಳೆಯದೋ ಮೂರೆಳೆಯದೋ ನೋಡಬೇಕಾಯಿತು. ಅದಕ್ಕೆ ಎರಡು ಕೈ ಬೇಕಾಯಿತು. ಟೋಪಿ ತಿರುಗಿಸಿ, ಬೆಲೆ ಕೇಳಿ, ಇದಕ್ಕೆ ಇಷ್ಟೊಂದಾ ಎಂದು ವಾದ ಮಾಡಿ ಪಕ್ಕಕ್ಕೆ ತಿರುಗಿದರೆ, ಅವರಿಲ್ಲ.

ಅಕ್ಕಾ, ಟೋಪಿಯನ್ನು ಅಲ್ಲೇ ಬಿಸಾಡಿದೆ. ಆ ಮಾರ್ಕೆಟ್ಟಿನ ಹಿಂಬದಿಯೇ ನೀರು. ಮೀನಿನ ದೋಣಿಗಳು ಕಟ್ಟೆಗೆ ತಾಗಿಕೊಂಡು ನಿಲ್ಲುತ್ತವೆ, ತಡೆಗೋಡೆ ಇಲ್ಲ. "ಬಾಯ್ಸ್! ಡಾರ್ನ್ಲಿ ಬಾಯ್ಸ್!" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಅಂಗಡಿಯಿಂದ ಅಂಗಡಿಗೆ ಓಡಿ, ತಲೆಯೆತ್ತರ ಕೈ ತೋರಿಸಿ, ಕಣ್ಣು ಮುಚ್ಚಿ ತೋರಿಸಿ ಕೇಳಿದೆ. ಒಬ್ಬಳು ಆಚೆ ಎಂದಳು, ಇನ್ನೊಬ್ಬಳು ಈಚೆ ಎಂದಳು. "ಕುರುಡರನ್ನ ಒಬ್ಬರೇ ಬಿಟ್ಟು ನೀವೆಲ್ಲಾ ಏನು ನೋಡ್ತಿದ್ರಿ?" ಎಂದು ಕಂಡಕಂಡವರನ್ನು ಬೈದೆ, ಬಿಟ್ಟವಳು ನಾನೇ ಆಗಿದ್ದರೂ. ಕಡೆಗೆ ಸಾಲಿನ ತುದಿಯಲ್ಲಿ ಸಿಕ್ಕರು. ಕೊಬ್ಬರಿ ಮಿಠಾಯಿ ಮಾರುವ ಒಬ್ಬ ಮುದುಕಿಯ ಪಕ್ಕ, ಮಗುಚಿದ ಪೆಟ್ಟಿಗೆಯ ಮೇಲೆ ಕೂತಿದ್ದರು, ಕೈಯಲ್ಲಿ ಹುಣಸೆ ಉಂಡೆ. ಜನ ತಳ್ಳಿದ ಕಡೆಗೆ ನಡೆದು ಕಟ್ಟೆಯ ಅಂಚಿಗೇ ಹೋಗಿಬಿಟ್ಟಿದ್ದರಂತೆ. ಮುದುಕಿ ಅಂಗಿ ಹಿಡಿದು ಎಳೆದಿದ್ದಾಳೆ. ತೋಳಿನ ಹೊಲಿಗೆ ಬಿಟ್ಟುಹೋಗಿತ್ತು. ಅವಳ ಭಾಷೆ ನಮ್ಮ ಪತ್ವಾ ಅಲ್ಲ, ಆದರೂ ನನ್ನನ್ನು ಬೈದದ್ದು ಒಂದಕ್ಷರ ಬಿಡದೆ ಅರ್ಥವಾಯಿತು. ಕೊನೆಗೆ ಅವಳೇ ನನ್ನ ಕೈಯನ್ನು ಹಿಡಿದು ಅವರ ತೋಳಿನ ಮೇಲಿಟ್ಟು ಒಂದು ಏಟು ಕೊಟ್ಟಳು. ಡಾರ್ನ್ಲಿಯವರ ಮುಷ್ಟಿಯಲ್ಲಿ ಹುಣಸೆ ಉಂಡೆ ಅಪ್ಪಚ್ಚಿಯಾಗಿತ್ತು. ಬಾಯಿ ಮಾತ್ರ, "ಬಂದ್ರಾ? ಟೋಪಿ ವ್ಯಾಪಾರ ಕುದುರ್ತಾ?" ಎಂದಿತು. ನಾನು ಅಲ್ಲೇ ನಿಂತು ಅತ್ತುಬಿಟ್ಟೆ.

ಅಷ್ಟರಲ್ಲಿ ಗಂಟೆ ಹೊಡೆಯಿತು. ಯಾವುದೋ ಸರಕಿನ ಹಡಗಿಗೆ ದಾರಿ ಬಿಡಲು ಆ ಸೇತುವೆ ಬಾಗಿಲಿನ ಹಾಗೆ ಸರಿದು ಆಚೆ ದಡಕ್ಕೆ ಹೋಗಿ ಅಂಟಿಕೊಂಡಿತು! ನಾವು ಇಲ್ಲಿ, ಹಡಗು ಅಲ್ಲಿ. ಜನರನ್ನು ದಾಟಿಸುವ ದೋಣಿ ಹಿಡಿದು ಆಚೆ ಮುಟ್ಟುವ ಹೊತ್ತಿಗೆ ನಮ್ಮ ಹಡಗು ಸಿಳ್ಳು ಹಾಕಿತು. ಓಡಿದೆವು. ಕ್ಯಾಸ್ಟ್ರೀಸ್‌ನಲ್ಲಿ ಹೀಗೆ ತಡವಾಗಿ ಓಡುವವರನ್ನು ನೋಡಿ ನೀನೂ ನಾನೂ ಎಷ್ಟು ಸಲ ನಕ್ಕಿಲ್ಲ! ನಿನ್ನೆ ಐದು ಅಂತಸ್ತಿನ ಜನ ಕಟಕಟೆಗೆ ಒರಗಿ ನನಗೆ ಚಪ್ಪಾಳೆ ಹೊಡೆದರು. ನನ್ನ ಕೈಲಾಗಲ್ಲ ಎಂದು ನಿಂತಾಗ ಡಾರ್ನ್ಲಿಯವರು, "ಓಡಿ ಬರೋರನ್ನ ಕನ್ನಡೀಲಿ ಕಂಡ್ರೆ ಯಾವ ಡ್ರೈವರೂ ಬಿಟ್ಟುಹೋಗಲ್ಲ. ಇನ್ನೊಂದ್ಸ್ವಲ್ಪ, ಬನ್ನಿ" ಎಂದು ನನ್ನನ್ನೇ ಎಳೆದುಕೊಂಡು ನಡೆದರು. ನಾವು ಹತ್ತಿದ ಮೇಲೆ ಏಣಿ ತೆಗೆದರು. ಅವರು ನೇರ ಕೋಣೆಗೆ ಹೋದರು. ಊಟಕ್ಕೆ ಬರಲಿಲ್ಲ.

ಇವತ್ತು ಎರಡನೆಯ ಕಡಲ ದಿನ. ಬೆಳಿಗ್ಗೆ ಅವರ ಕುರ್ಚಿ ಖಾಲಿಯಿತ್ತು. ಪಕ್ಕದ ಕುರ್ಚಿಯಲ್ಲಿ ಕೂತೆ. ಟವೆಲು ಮಡಿಸಲಿಲ್ಲ, ಏಳಲಿಲ್ಲ. ಒಂದು ಟೋಪಿಗಾಗಿ ಒಬ್ಬ ಮನುಷ್ಯನ ಧೈರ್ಯ ಕಳೆದೆನಲ್ಲಾ ಎಂದು ನೀರು ನೋಡುತ್ತಿದ್ದೆ. ನಿನ್ನೆಯಂಥದೇ ದಿನ ಇವತ್ತೂ ಬಂದಿದ್ದರೆ, ಇಳಿದು ಓಡುವ ಗಡಿಬಿಡಿಯಲ್ಲಿ ನನಗೆ ಆ ಯೋಚನೆಯೂ ಬರುತ್ತಿರಲಿಲ್ಲವೇನೋ. ಟ್ರಿನಿಡಾಡಿನ ಹೆಂಡತಿ ಹೇಳುವುದರಲ್ಲಿ ಸುಳ್ಳಿಲ್ಲ. ಮಧ್ಯಾಹ್ನದ ಹೊತ್ತಿಗೆ ಡಾರ್ನ್ಲಿಯವರು ಬಂದರು, ಇಸ್ತ್ರಿ ಮಾಡಿದ ಅಂಗಿ ತೊಟ್ಟು. ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು. "ಶೂ ಕೆಳಗೆ ನೀರು ಕೇಳಿಸ್ತು, ಥೆರೆಸಿನ್. ಮುಗೀತು ಅಂದ್ಕೊಂಡೆ. ಅಷ್ಟರಲ್ಲಿ ಮೂರು ಸಾಲಿನ ಆಚೆ ನೀವು ಇಡೀ ಮಾರ್ಕೆಟ್ಟನ್ನ ಬೈತಿದ್ದದ್ದು ಕೇಳಿಸ್ತು. ನನ್ನನ್ನ ಹುಡುಕ್ತಾ ಯಾರಾದ್ರೂ ಹಾಗೆ ಕೂಗಿ ಎಷ್ಟು ವರ್ಷ ಆಯ್ತು ಗೊತ್ತಾ?" ಅಂದರು. ನಾಳೆ ಗ್ರೆನಡಾದಲ್ಲೂ ಇಳಿಯುತ್ತಾರಂತೆ. "ಆದರೆ ನೀವು ನನ್ನ ತೋಳು ಹಿಡಿಯೋದು ಬೇಡ, ನಾನೇ ನಿಮ್ಮದನ್ನ ಹಿಡ್ಕೋತೀನಿ. ಆಗ ಟೋಪಿಗೆ ನಿಮ್ಮ ಎರಡು ಕೈಯೂ ಖಾಲಿ ಇರತ್ತೆ" ಎಂದರು. ಬೇರೆ ಒಂದೆರಡು ವಿಷಯವನ್ನೂ ಮಾತಾಡಿದೆವು, ಅದು ಇಲ್ಲಿ ಬೇಡ.

ಶುಕ್ರವಾರ ಬೆಳಿಗ್ಗೆ ನಮ್ಮ ಹಡಗು ಕ್ಯಾಸ್ಟ್ರೀಸ್‌ಗೆ ಬರುತ್ತದೆ. ನಮ್ಮೂರೂ ಒಂದು ಬಂದರು ಎಂದು ಈ ಹಡಗಿನ ಕಾಗದದಲ್ಲಿ ಓದುವಾಗ ನಗು ಬರುತ್ತದೆ. ಸಂಘದವರಿಗೆ ನನ್ನ ನಮಸ್ಕಾರ ತಿಳಿಸು. ನಾದೇಜಳಿಗೂ ಅವಳಮ್ಮನಿಗೂ ನೆನಪು. ಮಾತೆ ಮರಿಯಮ್ಮ ನಿನ್ನ ಮೊಣಕಾಲಿನ ಮೇಲೊಂದು ಕೈ ಇಟ್ಟಿರಲಿ.

ನಿನ್ನ ಬಾಯಿಬಡುಕಿ ತಂಗಿ,
ಥೆರೆಸಿನ್

ತಾ.ಕ.: ಈ ಹಾಳೆಯನ್ನು ಬೇರೆಯಾಗಿ ಕಳಿಸುತ್ತಿದ್ದೇನೆ. ನಾದೇಜಳ ಕೈಯಿಂದ ಫೋನ್ ತೆಗೆದುಕೊಂಡು, ಕನ್ನಡಕ ಹಾಕಿಕೊಂಡು ನೀನೇ ಓದು. ಅವರು ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಿದ್ದಾರೆ. ಅಕ್ಕನನ್ನೂ ಅಂಗಡಿಯನ್ನೂ ಬಿಟ್ಟು ನಾನೆಲ್ಲಿಗೂ ಬರುವವಳಲ್ಲ ಎಂದೆ. ಹಾಗಾದರೆ ನಾನೇ ಬರುತ್ತೇನೆ, ಕಾಲಿನಿಂದ ಹೊಸ ರಸ್ತೆ ಕಲಿಯುತ್ತೇನೆ ಎಂದರು. ಅಕ್ಕನನ್ನು ಕೇಳದೆ ಉತ್ತರ ಕೊಡುವುದಿಲ್ಲ ಎಂದೆ. ನನ್ನ ಮನಸ್ಸು ಏನೆಂದು ನೀನು ಇಷ್ಟು ಹೊತ್ತಿಗೆ ಓದಿಕೊಂಡಿರುತ್ತೀಯ. ನಿನಗಿರುವುದು ಒಂದೇ ರಾತ್ರಿ, ಅವಸರ ಮಾಡುತ್ತಿದ್ದೇನೆ, ಗೊತ್ತು. ಶುಕ್ರವಾರ ಇಬ್ಬರೂ ಇಳಿದು ನೇರ ನಿನ್ನ ಹತ್ತಿರ ಬರುತ್ತೇವೆ. ಒಂದು ಮಾತು ನೆನಪಿಡು. ನೀನು ಮುಖ ಗಂಟು ಹಾಕಿಕೊಂಡರೆ ಅವರಿಗೆ ಕಾಣುವುದಿಲ್ಲ, ನಕ್ಕರೂ ಕಾಣುವುದಿಲ್ಲ. ಅದಕ್ಕೇ, ಬೇಡ ಅನ್ನುವುದಾದರೆ ಬಾಯಿಬಿಟ್ಟು ಅನ್ನು. ಹೂಂ ಅನ್ನುವುದಾದರೂ ಗಟ್ಟಿಯಾಗಿ ಅನ್ನು, ಅಕ್ಕಾ. ನನಗೂ ಅದನ್ನು ಕಿವಿಯಾರೆ ಕೇಳಬೇಕು.