ಎಂಟು ಗಂಟೆಯ ನಡುಕಕ್ಕೆ ಹತ್ತು ಗಂಟೆಯ ಕಂಬಳಿ

ಹೆರಿಗೆ ಆಸ್ಪತ್ರೆಯ ಸೂಪರಿಂಟೆಂಡೆಂಟರಿಗೆ,

ಮಾನ್ಯರೇ,

ನಿಮ್ಮ ಆಸ್ಪತ್ರೆಯಲ್ಲಿ ಸಿಸೇರಿಯನ್ ಬೆಳಿಗ್ಗೆ ಎಂಟಕ್ಕೆ ಆರಂಭವಾಗುತ್ತದೆ. ಕಂಬಳಿಗಳಿರುವ ಉಗ್ರಾಣದ ಬೀಗ ಹತ್ತಕ್ಕೆ ತೆರೆಯುತ್ತದೆ. ನಡುವಿನ ಎರಡು ಗಂಟೆ ಹೆಂಗಸರು ನಡುಗುತ್ತಾ ಮಲಗಿರುತ್ತಾರೆ. ಇದನ್ನು ನಿಮಗೆ ಎರಡು ಸಲ ಖಾಸಗಿಯಾಗಿ ಬರೆದು ತಿಳಿಸಿದೆ. ಉತ್ತರ ಬರಲಿಲ್ಲ. ಈಗ ಊರೆಲ್ಲ ಓದಲಿ ಎಂದು ಪತ್ರಿಕೆಗೆ ಬರೆಯುತ್ತಿದ್ದೇನೆ.

೧೯೬೧ರ ಡಿಸೆಂಬರಿನಲ್ಲಿ ನನ್ನ ಮಗಳು ವಾರಿಜಾಳಿಗೆ ನಿಮ್ಮಲ್ಲಿ ಸಿಸೇರಿಯನ್ ಆಯಿತು. ಬೆನ್ನಿಗೆ ಮದ್ದು ಚುಚ್ಚಿ ಸೊಂಟದ ಕೆಳಗೆ ಮರಗಟ್ಟಿಸಿದ್ದರು. ಎಚ್ಚರವಿತ್ತು, ಮಗು ಅತ್ತದ್ದನ್ನು ಕೇಳಿದಳು. ಅಷ್ಟರಲ್ಲಿ ಹಲ್ಲು ಕಟಕಟಿಸುವ ನಡುಕ ಹತ್ತಿತು. ಮೈಕೆಳಗೆ ಒದ್ದೆಬಟ್ಟೆ, ಮೇಲೊಂದು ತೆಳು ದುಪ್ಪಟಿ, ನರಕ್ಕೆ ಇಳಿಯುತ್ತಿದ್ದದ್ದು ಸಿಮೆಂಟು ನೆಲದ ಮೇಲಿಟ್ಟು ತಣ್ಣಗಾಗಿದ್ದ ಸಲೈನು. ಮಗುವನ್ನು ಎದೆಗೆ ಕೊಡಲು ತಂದ ನರ್ಸು, ಕೈಜಾರಿ ಬಿದ್ದೀತೆಂದು ಹಿಂದಕ್ಕೆ ಒಯ್ದರು.

ಆಯಾ ಮುನಿಲಕ್ಷ್ಮಮ್ಮ ಹೊರಗೆ ಓಡಿಬಂದರು. "ಸಾಮಿ, ನಿಮ್ ಮಗ್ಳು ಗಡಗಡ ನಡುಗ್ತಾವ್ಳೆ. ಒಂದ್ ಕಂಬ್ಳಿ ತನ್ನಿ."

ಇಬ್ಬರೂ ಉಗ್ರಾಣಕ್ಕೆ ಹೋದೆವು. ಬೀಗದ ಕೈ ಜೇಬಿನಲ್ಲಿಟ್ಟುಕೊಂಡೇ ಗುಮಾಸ್ತರು ಜಗಲಿಯಲ್ಲಿ ಪೇಪರು ಓದುತ್ತಿದ್ದರು.

"ಹತ್ತು ಗಂಟೆಗೆ ಬನ್ನಿ ಸಾರ್. ಬಂದ್ರೂ ಥಿಯೇಟರಿಗೆ ಕೊಡಂಗಿಲ್ಲ, ರಕ್ತ ಆಗುತ್ತೆ. ಜ್ವರದ ವಾರ್ಡಿಗಾದ್ರೆ ಸ್ಯಾಂಕ್ಷನ್ ಇದೆ."

"ಅಂಗಾದ್ರೆ ಜ್ವರ ಬರೋಗಂಟ ಕಾಯ್ಬೇಕಾ ನಿಮ್ ಕಂಬ್ಳಿಗೆ?" ಎಂದರು ಮುನಿಲಕ್ಷ್ಮಮ್ಮ.

ಆಕೆಯ ಕುಚೋದ್ಯವನ್ನು ನಿಮ್ಮ ಆಸ್ಪತ್ರೆ ಅಕ್ಷರಶಃ ಪಾಲಿಸಿತು. ನಡುಕ ಕಂಡವರು ಥರ್ಮಾಮೀಟರು ಇಡದೆಯೇ ಚೀಟಿಯಲ್ಲಿ 'ಜ್ವರ' ಎಂದು ಬರೆದು ಅವಳನ್ನು ಜ್ವರದ ವಾರ್ಡಿಗೆ ಸಾಗಿಸಿದರು. ಅಲ್ಲಿ ಎರಡು ಕಂಬಳಿ ಸಿಕ್ಕವು. ಅರ್ಧ ಗಂಟೆಯಲ್ಲಿ ನಡುಕ ನಿಂತಿತು. ಮಧ್ಯಾಹ್ನ ಕೊನೆಗೂ ಥರ್ಮಾಮೀಟರು ಇಟ್ಟಾಗ ತೊಂಬತ್ತೇಳೂವರೆ ಡಿಗ್ರಿ. ಆದರೆ ಆ ವಾರ್ಡಿಗೆ ಹೋದವರು ಮೂರು ದಿನ ಹೊರಬರುವಂತಿಲ್ಲ, ಮಗು ಒಳಹೋಗುವಂತಿಲ್ಲ. ಇಲ್ಲದ ಜ್ವರಕ್ಕಾಗಿ ತಾಯಿ ಒಂದು ಕಡೆ. ಪುಡಿಹಾಲು ಕುಡಿಯುತ್ತಾ ಮಗು ಇನ್ನೊಂದು ಕಡೆ. ಇದಕ್ಕೆ ಚಿಕಿತ್ಸೆ ಎನ್ನಬೇಕೇ, ಶಿಕ್ಷೆ ಎನ್ನಬೇಕೇ?

ಬಾಣಂತಿಯ ಕಿವಿಗೆ ಬಟ್ಟೆ ಕಟ್ಟಿ, ಮಂಚದ ಕೆಳಗೆ ಅಗ್ಗಿಷ್ಟಿಕೆ ಇಡುವ ನಮ್ಮ ಅಜ್ಜಿಯರನ್ನು ಕಂಡರೆ ನಿಮ್ಮವರು ನಗುತ್ತಾರೆ. ಹೊಗೆ ಕೆಟ್ಟದ್ದು, ಒಪ್ಪಿದೆ. ಆದರೆ ಹೊಗೆಯನ್ನು ಬೈಯುವ ಭರದಲ್ಲಿ ಬಿಸಿಯನ್ನೂ ಹೊರಗೆ ಹಾಕಿದಿರಲ್ಲ! ಅರಿವಳಿಕೆ ಕೊಡುವ ನಿಮ್ಮದೇ ವೈದ್ಯರು ನನಗೆ ವಿವರಿಸಿದ್ದಾರೆ: ಮರಗಟ್ಟಿದ ಭಾಗದಲ್ಲಿ ರಕ್ತನಾಳಗಳು ಸಡಿಲವಾಗಿ ಮೈಯ ಕಾವು ಸೋರಿಹೋಗುತ್ತದೆ, ಅದನ್ನು ತುಂಬಲು ಮೇಲರ್ಧ ನಡುಗುತ್ತದೆ. ಪೂರ್ತಿ ತಡೆಯಲಾಗದಿದ್ದರೂ ಬಹಳಷ್ಟು ತಗ್ಗಿಸಬಹುದಂತೆ. ಮೊದಲೇ ಬೆಚ್ಚಗೆ ಹೊದಿಸಿರಬೇಕು, ಕಿಟಕಿ ಮುಚ್ಚಬೇಕು, ಒದ್ದೆಬಟ್ಟೆ ತೆಗೆಯಬೇಕು, ಸಲೈನು ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟಿರಬೇಕು. ಇದರಲ್ಲಿ ವಿಲಾಯತಿಯಿಂದ ಹಡಗಿನಲ್ಲಿ ಬರಬೇಕಾದದ್ದು ಯಾವುದು, ದಯವಿಟ್ಟು ತಿಳಿಸಿ.

ಎರಡು ವರ್ಷದ ಹಿಂದಿನದನ್ನು ಈಗೇಕೆ ಕೆದಕುತ್ತೀರಿ ಎನ್ನಬಹುದು. ವಾರಿಜಾಳಿಗೆ ಈಗ ಮತ್ತೆ ಎಂಟು ತಿಂಗಳು. ಹಳೆಯ ಹೊಲಿಗೆ ಇರುವುದರಿಂದ ಮನೆಯಲ್ಲಿ ಹೆರಿಗೆಯಾದರೆ ಜೀವಕ್ಕೇ ಅಪಾಯ ಎಂದು ವೈದ್ಯರು ಎಚ್ಚರಿಸಿದ್ದಾರೆ. ಅವಳು ಮಾತ್ರ ಆಸ್ಪತ್ರೆಗೆ ಬರುವುದಿಲ್ಲವೆಂದು ಕೂತಿದ್ದಾಳೆ.

"ಕುಯ್ಯೋದಕ್ಕೆ ನಾನು ಹೆದರಲ್ಲ ಅಪ್ಪಾ. ನಡುಗಿದ್ದಕ್ಕೆ ಮಗೂನ ಕಿತ್ಕೊಂಡ್ರಲ್ಲ, ಅದಕ್ಕೆ ಹೆದರ್ತೀನಿ. ಕಂಬಳಿ ಹೊದಿಸ್ತೀವಿ, ಮಗು ಕೈಗೆ ಕೊಡ್ತೀವಿ ಅಂತ ಅವರ ಹತ್ರ ಬರೆಸ್ಕೊಂಡ್ ಬನ್ನಿ. ಬರ್ತೀನಿ."

ಆದ್ದರಿಂದ ನನ್ನ ಒತ್ತಾಯ ಇಷ್ಟು. ಕಂಬಳಿಗಳು ಹಿಂದಿನ ಸಂಜೆಯೇ ಥಿಯೇಟರಿನಲ್ಲಿರಬೇಕು. ಥರ್ಮಾಮೀಟರು ಇಡದೆ ಯಾವ ತಾಯಿಯ ಚೀಟಿಯಲ್ಲೂ 'ಜ್ವರ' ಎಂದು ಬರೆದು ಮಗುವನ್ನು ದೂರ ಮಾಡಕೂಡದು. ಈ ಎರಡನ್ನೂ ಆಜ್ಞೆಯಾಗಿ ಹೊರಡಿಸಿ, ಸಹಿ ಮಾಡಿ, ಅದರ ಒಂದು ಪ್ರತಿಯನ್ನು ನನಗೆ ಕಳುಹಿಸಿ. ಡಿಸೆಂಬರ್ ಐದನೇ ತಾರೀಖು ಅವಳ ಹೆರಿಗೆಗೆ ವೈದ್ಯರು ಕೊಟ್ಟಿರುವ ದಿನ. ನನ್ನ ಮಗಳಿಗೆ ನಿಮ್ಮ ಆಸ್ಪತ್ರೆಯ ಮೇಲೆ ನಂಬಿಕೆ ಉಳಿದಿಲ್ಲ. ನಿಮ್ಮ ಸಹಿಯ ಮೇಲೆ ಇನ್ನೂ ಇದೆ. ಆ ಸಹಿ ಹತ್ತು ಗಂಟೆಯವರೆಗೆ ಕಾಯದಿರಲಿ.

ಇಂತಿ,
ಎರಡನೆಯ ಸಲ ಅಜ್ಜನಾಗಲು ನಿಮ್ಮ ಅಪ್ಪಣೆಗೆ ಕಾದಿರುವ
ಗಂಗಾಧರಯ್ಯ
ಜಯನಗರ, ನವೆಂಬರ್ ೧೯೬೩